ರೊಟ್ಟಿಯ ಮೇಲಿನ ಆಣೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ. ಇಂಡಿ ತಾಲೂಕಿನಿಂದ ಗಂಡನ ಬೆನ್ನು ಹಿಡಿದು ಮುಲುಂಡಿನ ಈ ಗುಡ್ಡದ ಬುಡದ ಚಾಳಿಗೆ ಬಂದು ಮೂವತ್ತೆಂಟು ವರ್ಷವಾಯಿತು. ಅಷ್ಟರಲ್ಲಿ ನಲ್ಲಿ ನೀರು ಬಿಡುವವನು, ಗ್ಯಾಸಿನವನು, ರೇಷನ್ ಅಂಗಡಿಯ ಶೇಠ, ಕಟ್ಟಿಕೊಂಡ ಗಂಡ, ಎಲ್ಲರಿಗೂ ನನ್ನಿಂದ ಮಂಗಳಾರತಿ ಆಗಿದೆ. ಬೈದದ್ದು ಗಾಳಿಗೆ ಹೋಗುತ್ತದೆ. ಮರುದಿನ ಅವರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಆಣೆ ಗಾಳಿಗೆ ಹೋಗುವುದಿಲ್ಲ, ಅದರಲ್ಲೂ ರೊಟ್ಟಿ ಹಿಡಿದು ಮಾಡಿದ ಆಣೆ.

ನಮ್ಮ ಕಡೆಯವರು ಗುಡಿಯಲ್ಲಿ ನಿಂತು ಸುಳ್ಳು ಹೇಳಿದರೂ ಹೇಳಿಯಾರು, ಕೈಯಲ್ಲಿ ರೊಟ್ಟಿ ಹಿಡಿದು ಹೇಳುವುದಿಲ್ಲ. ನನಗಂತೂ ರೊಟ್ಟಿಯೇ ಬದುಕು. ಏಳು ಮಂದಿ ಹೆಂಗಸರನ್ನು ಕಟ್ಟಿಕೊಂಡು ದಿನಾ ಜೋಳದ ರೊಟ್ಟಿ ಬಡಿಯುತ್ತೇನೆ. ಮುಲುಂಡಿನಿಂದ ಚೆಂಬೂರಿನವರೆಗೆ ನಮ್ಮ ಕಡೆಯವರ ಖಾನಾವಳಿಗಳಿಗೆ ನನ್ನ ರೊಟ್ಟಿಯೇ ಹೋಗುವುದು. ಮೂರು ಹೊತ್ತೂ ನಾನು ತಿನ್ನುವುದು ಅದನ್ನೇ. ಅನ್ನ ಎಂದರೆ ನನಗೆ ಜ್ವರ ಬಂದಾಗಿನ ಊಟ.

ಅಂಥ ನಾನು ಎರಡು ವರ್ಷದ ಹಿಂದೆ, ಇಡೀ ಚಾಳಿನ ಎದುರು, ಹಂಚಿನ ಮೇಲಿನ ಬಿಸಿ ರೊಟ್ಟಿ ಎತ್ತಿ ಹಿಡಿದು ಹಿಂದೆ ನಮ್ಮ ವಾರ್ಡಿನ ನಗರಸೇವಕಿ, ಅಂದರೆ ಪಾಲಿಕೆ ಸದಸ್ಯೆ, ಆಗಿದ್ದ ಜೇಬುನ್ನೀಸಾಳ ಮುಖಕ್ಕೇ ಹೇಳಿದ್ದೆ.

"ಈ ರೊಟ್ಟಿ ಆಣಿ, ಇನ್ನ ಮುಂದ ಈ ಕೈ ನಿನಗ ಓಟ ಹಾಕಂಗಿಲ್ಲ!"

ಈ ಸಲ ಸಂಕ್ರಾಂತಿಯ ಮರುದಿನವೇ ಪಾಲಿಕೆಯ ಮತದಾನ ಬಂತು. ಜೇಬುನ್ನೀಸಾ ಮತ್ತೆ ನಿಂತಳು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಅವಳು ಆಳಂದದ ಕಡೆಯವಳು. ಅವಳಪ್ಪ ಇಲ್ಲೇ ಸ್ಟೇಷನ್ ಹಿಂದೆ ಗಾದಿ ಹೊಲಿಯುತ್ತಿದ್ದ. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಕಚೇರಿಯಲ್ಲಿ ಮರಾಠಿ, ಮೂರನ್ನೂ ನೀರು ಕುಡಿದ ಹಾಗೆ ಆಡುತ್ತಾಳೆ. ಚಾಳಿಗೆಲ್ಲ ಅವಳು ಜೇಬಾ ಆಪಾ, ಜೇಬಾ ಅಕ್ಕ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ, ನಾನು ಬರೀ ಜೇಬಾ ಎನ್ನುತ್ತೇನೆ. ಹಿಂದಿನ ಚುನಾವಣೆಯಲ್ಲಿ ಅವಳನ್ನು ಆರಿಸಿದ್ದು ನಾವೇ. ಐದು ವರ್ಷ ಮುಗಿಯಿತು, ಆಮೇಲೆ ನಾಲ್ಕು ವರ್ಷ ಚುನಾವಣೆಯೇ ಆಗಲಿಲ್ಲ. ಖುರ್ಚಿ ಹೋಯಿತು, ಮೊಹರು ಹೋಯಿತು. ಆದರೂ ಇವಳು ಹೆಗಲಿಗೆ ಚೀಲ ಹಾಕಿಕೊಂಡು ವಾರ್ಡ್ ಕಚೇರಿಗೆ ಹೋಗುವುದನ್ನು ಬಿಡಲಿಲ್ಲ. ನಮ್ಮ ಹಾಗೆಯೇ ಸಾಲಿನಲ್ಲಿ ನಿಂತು, ಕೈಯಲ್ಲಿ ಟೋಕನ್ ಹಿಡಿದು, ತನ್ನ ಸರತಿ ಬಂದಾಗ ನಮ್ಮ ಕೆಲಸ ಹೇಳುತ್ತಿದ್ದಳು.

ಇಷ್ಟೆಲ್ಲ ಒಳ್ಳೆಯವಳ ಮೇಲೆ ನನಗೇಕೆ ಸಿಟ್ಟು? ನಾಲಾದ ಸಲುವಾಗಿ.

ಚಾಳಿನ ಬೆನ್ನಿಗೆ ಒಂದು ನಾಲಾ ಇದೆ. ಗುಡ್ಡದ ಮಳೆನೀರೆಲ್ಲ ಅದರಲ್ಲೇ ಇಳಿಯಬೇಕು. ಅದರ ಮೇಲೆ ಹಲಗೆ, ತಗಡು ಹಾಕಿ ಹನ್ನೊಂದು ಶೆಡ್ ಎದ್ದಿದ್ದವು. ಒಂದು ನನ್ನದು, ಎಂಟು ಒಲೆಯದು. ಪ್ರತಿ ಮಳೆಗಾಲಕ್ಕೂ ನಾಲಾ ಕಟ್ಟಿಕೊಂಡು ನೀರು ನಮ್ಮ ಮನೆಗಳಿಗೇ ನುಗ್ಗುತ್ತಿತ್ತು. ನನ್ನ ಗಂಡ ಚಂದ್ರಾಮ ಗೌಂಡಿ. ಗೌಂಡಿಯ ಬುದ್ಧಿ ನೋಡಿ, ಪ್ರತಿ ವರ್ಷ ನೀರು ಎಲ್ಲಿಯವರೆಗೆ ಏರಿತು ಎಂದು ಬಾಗಿಲ ಪಕ್ಕದ ಕಲ್ಲಿನ ಮೇಲೆ ಚಾಣದಿಂದ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಇಸವಿ ಕೊರೆಯುತ್ತಿದ್ದ. ಹದಿನಾಲ್ಕು ಗೆರೆಗಳಿವೆ. ಒಂದು ಗೆರೆ ನನ್ನ ಸೊಂಟದ ಎತ್ತರಕ್ಕಿದೆ. ಆ ವರ್ಷ ಕಟ್ಟಿಟ್ಟಿದ್ದ ಎರಡು ಚೀಲ ಜೋಳ ಮೊಳಕೆಯೊಡೆದು ಹೋಗಿತ್ತು.

ನಾಲಾ ಅಗಲ ಮಾಡಿ ಗೋಡೆ ಕಟ್ಟಿಕೊಡಿ ಎಂದು ಅರ್ಜಿ ಕೊಟ್ಟವಳು ಜೇಬಾ. ಅಗಲ ಮಾಡಬೇಕಾದರೆ ಶೆಡ್ ಹೋಗಬೇಕು. ಮೂರು ಸಲ ಮನೆಗೆ ಬಂದು ಹೇಳಿದ್ದಳು. ನಾನು ಮೂರು ಸಲವೂ ಚಹಾ ಕುಡಿಸಿ ಕಳಿಸಿದ್ದೆ. ನನ್ನ ಒಲೆಗೆ ಯಾರು ಕೈ ಹಚ್ಚುತ್ತಾರೆ ಎಂಬ ಸೊಕ್ಕು. ಒಂದು ದಿನ ಮುಂಜಾನೆ ಜೆಸಿಬಿ ಬಂದೇ ಬಂತು. ನಾವು ಎಂಟೂ ಮಂದಿ ಹಂಚಿನ ಮುಂದಿದ್ದೆವು. ಜೇಬಾ ಅಲ್ಲೇ ನಿಂತಿದ್ದಳು, ಓಡಿಹೋಗಿರಲಿಲ್ಲ. ನಾನು ರೊಟ್ಟಿ ಎತ್ತಿದೆ.

"ಕಾಕು, ನಕ್ಕೋ! ರೊಟ್ಟಿ ಮ್ಯಾಲ ಆಣಿ ಮಾಡಬ್ಯಾಡ್ರಿ" ಎಂದು ಕೈ ಮುಗಿದಳು. "ಬೈರಿ, ಬೇಕಾದ್ರ ಎರಡ ಏಟ ಹೊಡೀರಿ, ಆಣಿ ಮಾತ್ರ ಬ್ಯಾಡ."

ಆದರೆ ಮಾತು ಬಾಯಿಂದ ಹೊರಟಾಗಿತ್ತು. ಅವತ್ತಿನಿಂದ ನಾಲ್ಕು ಮಂದಿ ನನ್ನ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ, ನಾಲ್ಕು ಮಂದಿ ಪಕ್ಕದ ಶಿವಕುಮಾರಿಯ ಖೋಲಿಯಲ್ಲಿ ರೊಟ್ಟಿ ಬಡಿಯುತ್ತೇವೆ. ಹೊಗೆ, ಬೆವರು, ಕಾಲು ಚಾಚಲು ಜಾಗವಿಲ್ಲ. ಪ್ರತಿ ರೊಟ್ಟಿ ಬಡಿಯುವಾಗಲೂ ಜೇಬಾಳನ್ನು ನೆನೆದೇ ಬಡಿದಿದ್ದೇನೆ.

ಇನ್ನು ನಮ್ಮ ಚಾಳಿನ ಪದ್ಧತಿ ಹೇಳಬೇಕು. ಚುನಾವಣೆಯ ಹಿಂದಿನ ಭಾನುವಾರ ಸಂಜೆ ನೀರಿನ ಟಾಕಿಯ ಮುಂದೆ ಎಲ್ಲರೂ ಸೇರುತ್ತೇವೆ. ಚುನಾವಣೆಗೆ ನಿಂತವರಿಗೆ ಅಲ್ಲಿ ಪ್ರವೇಶವಿಲ್ಲ, ಅವರ ಝೆಂಡಾ ಹಿಡಿದವರಿಗೂ ಇಲ್ಲ. ಮನೆಗೊಬ್ಬರು ಎದ್ದು ಮಾತಾಡಬೇಕು. ಕೇಳಿದ್ದನ್ನು ಹೇಳುವಂತಿಲ್ಲ, ತಾನು ಕಂಡದ್ದನ್ನು ಮಾತ್ರ ಹೇಳಬೇಕು. ಹಳಬರನ್ನು ಮತ್ತೆ ಪಾಲಿಕೆಗೆ ಕಳಿಸಬೇಕೋ, ಮನೆಗೆ ಕಳಿಸಬೇಕೋ ಎಂದು ಅಲ್ಲೇ ತೀರ್ಮಾನ. ಮಾತಾಡಿದವರು ಆಡಿದ ಮಾತಿನಂತೆಯೇ ಬಟನ್ ಒತ್ತಬೇಕು. ಟಾಕಿಯ ಮಾತು ಟಾಕಿಯಲ್ಲೇ ಉಳಿಯಬೇಕು. ಎಲ್ಲರಿಗಿಂತ ಮೊದಲು ಇಲ್ಲಿ ತಗಡು ಹೊದಿಸಿದವರು ನಾವಾದ್ದರಿಂದ ಕೊನೆಯ ಮಾತು ನನ್ನದು. ನನ್ನ ಮಾತಿನ ಮೇಲೆ ಅರ್ಧ ಚಾಳು ಹೋಗುತ್ತದೆ. ಇದು ಜಂಬವಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ.

ಆ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ಮಧ್ಯಾಹ್ನ, ಜೇಬಾ ನಮ್ಮ ಮನೆಗೆ ಬಂದಳು. ಒಬ್ಬಳೇ, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಲ್ಲಿ ನಿಂತಳು.

"ಬರ್ಲೇನ್ರಿ ಕಾಕು?"

"ಬಾಗಲಾ ತೆರದೈತಿ. ನಾಯಿ ಬೆಕ್ಕೂ ಬರತಾವ."

"ಹಂಗಾರ ನಾನೂ ಬರ್ತೀನಿ" ಎಂದು ನಕ್ಕು ಅಲ್ಲೇ ಕುಳಿತಳು. ಇದೇ ನೋಡಿ ನನಗೆ ಆಗದ್ದು. ಬೈದರೆ ತಿರುಗಿ ಬೈಯಬೇಕು, ಇವಳು ನಗುತ್ತಾಳೆ.

"ಓಟ ಕೇಳಾಕ ಬಂದಿದ್ರ ಎದ್ದ ಹೋಗು."

"ನಿಮಗ ಹೆಂಗ ಕೇಳ್ಲಿ ಕಾಕು? ರೊಟ್ಟಿ ಹಿಡದು ಆಣಿ ಮಾಡೀರಿ. ನಾನೂ ಆಳಂದದಾಕಿನೇ, ನನಗ ತಿಳೀದಿಲ್ಲೇನು? ಆಣಿ ಮುರೀರಿ ಅಂತ ನಾ ಬಾಯಿ ಬಿಟ್ಟು ಕೇಳಂಗಿಲ್ಲ. ಒಂದ ಮಾತ ಕೇಳಿ ಹೋಗ್ತೀನಿ. ಗ್ವಾಡಿ ಕಟ್ಟಿ ಎರಡ ಮಳಿಗಾಲ ಆದವು. ಮನ್ಯಾಗ ನೀರ ಬಂತೇನ್ರಿ?"

ಬಂದಿರಲಿಲ್ಲ. ಎರಡು ಮಳೆಗಾಲವೂ ಒಂದು ಹನಿ ಬಂದಿರಲಿಲ್ಲ. ನನಗೆ ಗೊತ್ತಿದ್ದೂ ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಯಾರಾದರೂ ಮಾತು ತೆಗೆದರೆ ಮಳೆಯೇ ಕಡಿಮೆ ಎನ್ನುತ್ತಿದ್ದೆ. ಈಗ ಬಂದಿಲ್ಲ ಎಂದರೆ ಇವಳು ಗೆದ್ದ ಹಾಗೆ, ನನ್ನ ಶೆಡ್ ಒಡೆದದ್ದು ಸರಿ ಎಂದು ನನ್ನ ಬಾಯಿಂದಲೇ ಹೇಳಿದ ಹಾಗೆ. ಆ ಹೊಗೆಯಲ್ಲಿ ಕುಳಿತು ಅದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ.

"ಬಂತು" ಎಂದೆ.

ಅವಳ ಮುಖ ಸಣ್ಣದಾಯಿತು. "ಯಾವಾಗ್ರಿ?"

"ಆಗಸ್ಟದಾಗ."

"ಎಲ್ಲಿ ತನಕ?"

"ಹಿಮ್ಮಡ ತನಕ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಚಂದ್ರಾಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ನಾನು ಕಣ್ಣು ಕೆಕ್ಕರಿಸಿದೆ. ಅವನು ಪೇಪರಿನೊಳಗೆ ಇಳಿದ.

"ಆವಾಗೇ ಹೇಳಬೇಕಿಲ್ರಿ ಕಾಕು" ಎಂದಳು ಜೇಬಾ. "ನೀವು ಬಂದು ಬೈಲಿಲ್ಲ ಅಂದ್ರ ನೀರ ಬಂದಿಲ್ಲ ಅಂತ ತಿಳಕೊಂಡು ಆರಾಮ ಇದ್ದೆ. ಇರ್ಲಿ, ನಾ ನೋಡ್ತೀನಿ."

ಚಹಾ ಕುಡಿಯದೆ ಹೋದಳು. ನಾನೂ ಮಾಡಿರಲಿಲ್ಲ, ಅದು ಬೇರೆ ಮಾತು. ಅವಳು ಓಣಿ ದಾಟುವುದೇ ತಡ, ಚಂದ್ರಾಮ ಎದ್ದು ಮೂಲೆಯ ಚೀಲದಿಂದ ಚಾಣ, ಸುತ್ತಿಗೆ ತೆಗೆದ.

"ಹೊಸಾ ಗೆರಿ ಹೊಡೀಲೇನು? ಹಿಮ್ಮಡ ತನಕ ಅಂದೆಲ್ಲ."

"ಬಾಯಿ ಮುಚ್ಚಿಕೊಂಡು ಕುಂದ್ರು!"

ಕುಳಿತ. ಆದರೆ ಚಾಣ ಚೀಲದೊಳಗೆ ಹಾಕಲಿಲ್ಲ, ಬಾಗಿಲ ಕಲ್ಲಿನ ಬುಡದಲ್ಲೇ ಇಟ್ಟ. ಶನಿವಾರವಿಡೀ ಹೋಗುತ್ತ ಬರುತ್ತ ಅದು ನನ್ನ ಕಾಲಿಗೆ ಸಿಗುತ್ತಿತ್ತು.

ಭಾನುವಾರ ಮುಂಜಾನೆ ನಾನು, ಶಿವಕುಮಾರಿ ಜೋಳದ ಡಬ್ಬ ಹೊತ್ತು ಗಿರಣಿಗೆ ಹೊರಟೆವು. ಪ್ರಚಾರದ ಕೊನೆಯ ಭಾನುವಾರ. ಮುಖ್ಯ ರಸ್ತೆಯಲ್ಲಿ ಎದುರು ಪಕ್ಷದವನ ಮೆರವಣಿಗೆ, ಢೋಲು, ತಾಶಾ, ನೂರು ಮೋಟರ್ ಸೈಕಲ್. ತೆರೆದ ಜೀಪಿನಲ್ಲಿ ನಿಂತು ಅವನು ಎರಡೂ ಕಡೆಗೆ ಕೈ ಮುಗಿಯುತ್ತಿದ್ದ. ನಾಲಾ ದಾಟುವ ಸಣ್ಣ ಸೇತುವೆ, ಆ ಪೂಲಿನ ಮೇಲೆ ಬಂದಾಗ ಕೆಳಗೆ ಮಾತು ಕೇಳಿಸಿತು. ಬಗ್ಗಿ ನೋಡಿದೆ.

ಜೇಬಾ ಮೊಳಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು, ದುಪಟ್ಟಾ ಸೊಂಟಕ್ಕೆ ಬಿಗಿದು, ಆ ಕರಿ ಕೆಸರಿನಲ್ಲಿ ನಿಂತಿದ್ದಳು. ನಮ್ಮ ಚಾಳಿನ ಪ್ಲಂಬರ್ ಕಾಶಿನಾಥ ಬಿದಿರು ಕೋಲಿನಿಂದ ಗೋಡೆಯ ಸಂದುಗಳನ್ನು ಚುಚ್ಚಿ ನೋಡುತ್ತಿದ್ದ. ಇವಳು ಹಿಂದಿನಿಂದ ಟಾರ್ಚ್ ಹಿಡಿದಿದ್ದಳು.

"ಅಕ್ಕ, ಆಪಾ ಏಳಕ್ಕೇ ಇಳದಾಳಂತ" ಎಂದಳು ಶಿವಕುಮಾರಿ. "ಮೆರವಣಿಗಿ ಇತ್ತಂತ, ಬ್ಯಾಡಂತ ಹೇಳಿ ಮಂದೀನ ವಾಪಸ್ ಕಳಿಸ್ಯಾಳ. ಯಾರದೋ ಮನ್ಯಾಗ ನೀರ ಬಂದೈತಂತ. ನಮ್ಮಲ್ಲಂತೂ ಬಂದಿಲ್ಲ ತಾಯಿ. ಯಾರಲ್ಲಿ ಬಂತ ಅಕ್ಕ?"

ಅಷ್ಟರಲ್ಲಿ ಜೇಬಾ ತಲೆ ಎತ್ತಿ ನನ್ನನ್ನು ನೋಡಿದಳು.

"ಕಾಕು! ಛಲೋ ಆತು ಸಿಕ್ರಿ. ನೀರ ಮೋರಿ ಕಡಿಂದ ಬಂತೋ, ಬಾಗಲ ಕಡಿಂದನೋ?"

ಶಿವಕುಮಾರಿ ನನ್ನ ಮುಖ ನೋಡಿದಳು. ಅವಳ ಕಣ್ಣು ದೊಡ್ಡದಾಯಿತು. ಇಲ್ಲ, ಬರಲೇ ಇಲ್ಲ ಎಂದು ಹೇಳಿ ಮುಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನ್ನ ನಾಲಿಗೆ ಏನೆಂದಿತು ಗೊತ್ತೆ?

"ಮೋರಿ ಕಡಿಂದ."

"ಮೋರಿ ಕಡಿಂದಂತ ಕಾಶಿನಾಥ!" ಎಂದು ಅವಳು ಪೂಲಿನ ಕೆಳಗಿನ ಕತ್ತಲ ಪೈಪಿನ ಕಡೆ ಬಗ್ಗಿಕೊಂಡು ನಡೆದಳು. ಆ ಪೈಪಿನ ವಾಸನೆಗೆ ಪೂಲಿನ ಮೇಲೆ ನಿಂತ ನಮಗೇ ಮೂಗು ಮುಚ್ಚಿಕೊಳ್ಳಬೇಕಾಗಿತ್ತು.

ಶಿವಕುಮಾರಿ ಡಬ್ಬ ಹೊತ್ತು ನನ್ನನ್ನು ಬಿಟ್ಟು ಮುಂದೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಓಟು ಹಾಕುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುವ ಒಬ್ಬ ಮುದುಕಿಯ ಮಾತಿಗೆ, ಕೊನೆಯ ಭಾನುವಾರ, ಗಟಾರಕ್ಕೆ ಇಳಿಯುವವಳು ಇವಳು. ಅವಳನ್ನು ಇಳಿಸಿದವಳು ನಾನು. ಜೀಪಿನಲ್ಲಿ ನಿಂತು ಕೈ ಮುಗಿಯುವುದು ಅವಳಿಗೆ ಬರುವುದಿಲ್ಲವೆ? ಬರುತ್ತದೆ. ಆದರೆ ಅವಳ ಲೆಕ್ಕದಲ್ಲಿ ನನ್ನ ಮನೆಯ ಹಿಮ್ಮಡಿ ನೀರು ಮೆರವಣಿಗೆಗಿಂತ ದೊಡ್ಡದು.

ಸಂಜೆ ಐದಕ್ಕೆ ಟಾಕಿಯ ಮುಂದೆ ಚಾಳೆಲ್ಲ ಸೇರಿತು. ಮೊದಲು ಎದ್ದವನು ನಿಂಗಣ್ಣ. ಅವನು ಹಿರಿಯ, ನಮ್ಮವರನ್ನೆಲ್ಲ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಮೇಸ್ತ್ರಿ.

"ನಾ ಕಂಡದ್ದ ಹೇಳ್ತೀನಿ. ನನ್ನ ಹೇಂತಿ ಸತ್ತಾಗ ಮರಣದ ದಾಖಲಿ ಒಳಗ ಹೆಸರು ತಪ್ಪ ಬರದಿದ್ರು. ಆಪಾಗ ಆವಾಗ ಖುರ್ಚಿ ಇರಲಿಲ್ಲ. ಐದ ಸಲ ನನ್ನ ಕೂಡ ಬಂದು ಸಾಲಿನ್ಯಾಗ ನಿಂತಳು. ನನ್ನ ಸ್ವಂತ ಮಗ ಒಂದ ಸಲ ಬಂದಿದ್ದ."

ಕಾಲೇಜಿಗೆ ಹೋಗುವ ಲಾವಣ್ಯಾ ಎದ್ದಳು. ಕನ್ನಡ ಅವಳಿಗೆ ಅರ್ಧ ಬರುತ್ತದೆ, ಅರ್ಧ ತಡವರಿಸುತ್ತದೆ. "ಲೇಡೀಸ್ ಟಾಯ್ಲೆಟ್‌ಗೆ ಕಡೀ, ಚಿಲಕ ಇರ್ಲಿಲ್ಲ, ಲೈಟ್ ಭೀ ಇರ್ಲಿಲ್ಲ. ಒಬ್ರು ಹೊರಗ ನಿಂತ್ಕೊಬೇಕಿತ್ತು. ನಾನು ಆಪಾಗೆ ಒಂದೇ ಮೆಸೇಜ್ ಮಾಡ್ದೆ. ಅವ್ರು ಖುದ್ ಬಂದು ಚೆಕ್ ಮಾಡಿದ್ರು. ಈಗ ಒಬ್ಳೇ ಹೋಗ್ತೀನಿ. ಬಸ್, ಇತನಾಹೀ."

ಎಲ್ಲ ಹೊಗಳಿಕೆಯೇ ಆಗಿರಲಿಲ್ಲ. ಗುಡ್ಡದ ಮೆಟ್ಟಿಲು ಅರ್ಧಕ್ಕೇ ನಿಂತಿವೆ ಎಂದು ಒಬ್ಬರು ಹೇಳಿದರು. ಬಾಲವಾಡಿಯ ಮಾತು ಕೊಟ್ಟು ಒಂಬತ್ತು ವರ್ಷವಾಯಿತು, ಕೂಸುಗಳು ಮೀಸೆ ಬಂದ ಗಂಡಸರಾದವು ಎಂದು ಇನ್ನೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ಸುಳ್ಳು ವಿಳಾಸಕ್ಕೆ ಸಹಿ ಹಾಕಿಕೊಡಲಿಲ್ಲ ಎಂದು ಒಬ್ಬ ಗೊಣಗಿದ. ನಿಂಗಣ್ಣ ಅವನಿಗೆ, "ತಮ್ಮಾ, ಅದು ಬೈಗಳೋ ಹೊಗಳಿಕಿಯೋ?" ಎಂದು ಕೇಳಿದ.

ಆಮೇಲೆ ಕಾಶಿನಾಥ ಎದ್ದ. ಸ್ನಾನ ಮಾಡಿ ಬಂದಿದ್ದರೂ ನಾಲಾದ ವಾಸನೆ ಅವನನ್ನು ಬಿಟ್ಟಿರಲಿಲ್ಲ.

"ಇವತ್ತ ಮುಂಜಾನಿಂದ ಮಧ್ಯಾನ ತನ ಆಪಾನ ಕೂಡ ನಾಲಾದಾಗಿದ್ದೆ. ಈ ಸುಂದ್ರವ್ವ ಕಾಕುನ ಮನ್ಯಾಗ ನೀರ ಬಂದೈತಿ. ಎಲ್ಲಿಂದ ಬಂತು ಅಂತ ಹುಡುಕಿದ್ವಿ, ನನಗಂತೂ ಒಂದ ಸಂದೂ ಸಿಗಲಿಲ್ಲ. ಸಭಾದಾಗ ಇದನ್ನ ಮುಚ್ಚಿಡಬ್ಯಾಡ ಅಂತ ಆಪಾನ ಹೇಳ್ಯಾಳ. ಹನ್ನೊಂದ ಮಂದಿ ಶೆಡ್ ಕಳಕೊಂಡಾರ, ಅಷ್ಟಾದ್ರೂ ನೀರ ಬಂತಂದ್ರ ತಪ್ಪು ನನ್ನದು, ಇದನ್ನ ತಿಳಕೊಂಡೇ ಜನಾ ತೀರ್ಮಾನ ಮಾಡ್ಲಿ ಅಂದ್ಳು."

ಗುಸುಗುಸು ಎದ್ದಿತು. ಶೆಡ್ ಕಳೆದುಕೊಂಡಿದ್ದ ಇನ್ನೊಬ್ಬ ಎದ್ದು ನಿಂತ. "ಅಂದ್ರ ನಮ್ಮ ಶೆಡ್ಡ ಒಡದದ್ದು ಸುಮ್ಮನ ಆತಲ್ಲ? ಇಷ್ಟ ಮಾಡಿ ನೀರ ನಿಲ್ಲಲಿಲ್ಲ ಅಂದ್ರ ಯಾಕ ಹಾಕ್ಬೇಕು ಆಕಿಗೆ?" ಹಿಂದಿನ ಸಾಲಿನಲ್ಲಿ ಹೌದು ಹೌದು ಎಂದರು. ಒಂದು ಗಳಿಗೆಯಲ್ಲಿ ಗಾಳಿಯೇ ತಿರುಗಿತು. ನನ್ನ ಒಂದು ಸುಳ್ಳು ಒಂಬತ್ತು ವರ್ಷದ ದುಡಿಮೆಯನ್ನು ತಿಂದುಹಾಕುತ್ತಿತ್ತು. ಅದನ್ನು ಸಭೆಗೆ ಕಳಿಸಿಕೊಟ್ಟವಳು, ತಾನೇ ಸೋಲುವ ಹಾಗೆ, ಜೇಬಾ.

ಚಂದ್ರಾಮ ನನ್ನ ಕಡೆ ನೋಡಲೂ ಇಲ್ಲ. ನೆಲ ನೋಡುತ್ತ ಕುಳಿತಿದ್ದ. ನೋಡಿದ್ದರೆ ಸಿಟ್ಟಾದರೂ ಬರುತ್ತಿತ್ತು. ನಾನು ಎದ್ದೆ.

"ಕುಂದರ್ರಿ ಎಲ್ಲಾರೂ. ನೀರ ಬಂದಿಲ್ಲ."

"ಆಂ?" ಎಂದ ಕಾಶಿನಾಥ.

"ಬಂದಿಲ್ಲಂದ್ರ ಬಂದಿಲ್ಲ. ಎರಡೂ ವರ್ಷ ಬಂದಿಲ್ಲ. ಹೊಟ್ಟಿಕಿಚ್ಚಿಗೆ ಸುಳ್ಳ ಹೇಳೀನಿ. ನಮ್ಮ ಬಾಗಲ ಕಲ್ಲ ನೋಡ್ರಿ ಬೇಕಾದ್ರ, ಗ್ವಾಡಿ ಆದ ಮ್ಯಾಲ ಒಂದೂ ಗೆರಿ ಇಲ್ಲ. ಉಗುಳೋದಿದ್ರ ನನಗ ಉಗುಳ್ರಿ, ಆಕಿಗೆ ಯಾಕ ಅಂತೀರಿ?"

ಯಾರೂ ಉಗುಳಲಿಲ್ಲ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಆದರೆ ಕೊನೆಯ ಮಾತು ನನ್ನದೇ ಬಾಕಿ ಇತ್ತು.

"ನನ್ನ ಶೆಡ್ಡ ಒಡದ್ಲು, ಖರೆ. ಮೂರ ಸಲ ಹೇಳಿ ಒಡದ್ಲು. ನನ್ನ ಓಟ ಹೋಕ್ಕೈತಿ ಅಂತ ಗೊತ್ತಿದ್ದೂ ಒಡದ್ಲು. ನಿಮ್ಮೆಲ್ಲಾರ ಮನಿ ನೀರ ನಿಲ್ಲಸಾಕ ಒಡದ್ಲು. ಇಂಥಾಕಿನ್ನ ಮನಿಗೆ ಕಳಿಸಿದ್ರ ನಾಳಿ ಯಾರ ಬರತಾರ ನಮ್ಮ ಕೂಡ ಸಾಲಿನ್ಯಾಗ ನಿಲ್ಲಾಕ? ಆಕಿನ್ನ ಮತ್ತ ಪಾಲಿಕೆಗೆ ಕಳಿಸಬೇಕು. ಇದು ನನ್ನ ಮಾತು."

ನಿಂಗಣ್ಣ ಮೆಲ್ಲಗೆ ಕೆಮ್ಮಿದ. "ಸುಂದ್ರವ್ವ, ನಿನ್ನ ಆಣಿ?"

ಶಿವಕುಮಾರಿ ನನ್ನ ಸೆರಗು ಎಳೆದಳು. "ಅಕ್ಕ, ನಾವೆಲ್ಲಾ ಹಾಕ್ತೀವಿ. ನೀ ಆವತ್ತ ಮನ್ಯಾಗ ಇದ್ದುಬಿಡು. ಆಣಿನೂ ಉಳೀತದ, ಆಪಾನೂ ಉಳೀತಾಳ."

"ನನ್ನ ಕೈ ಒಲ್ಲೆ ಅಂದದ್ದ ನಿಮ್ಮ ಕೈಲೆ ಮಾಡಸ್ಲೇನು? ಮಾತಾಡಿದಾಕಿ ಬಟನ್ ಒತ್ತಬೇಕು. ಇಷ್ಟ ವರ್ಷ ಇದನ್ನ ಎಲ್ಲಾರಿಗೂ ಹೇಳಿದಾಕಿ ನಾನ."

"ಹಂಗಾದ್ರ ಆಣಿ ಮುರದಂಗಾತು" ಎಂದ ನಿಂಗಣ್ಣ. "ರೊಟ್ಟಿ ಆಣಿ ಮುರದವರು ರೊಟ್ಟಿ ಬಿಡಬೇಕು. ನಮ್ಮ ಊರಾಗ ನಮ್ಮ ಕಾಕಾ ಬಿಟ್ಟಿದ್ದ. ಎಷ್ಟ ದಿನಾ ಅನ್ನೋದು ಮುರದವರ ಮನಸಿಗೆ ಬಿಟ್ಟದ್ದು."

ಒಂದು ವಾರ ಎಂದು ಹೇಳಬಹುದಿತ್ತು, ಒಂದು ತಿಂಗಳು ಎನ್ನಬಹುದಿತ್ತು. ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ನನ್ನ ಸಿಟ್ಟು ನೋಡಿ, ಬೇರೆಯವರ ಮೇಲೆ ಬಂದಾಗ ಎಷ್ಟು ಜೋರೋ ನನ್ನ ಮೇಲೆ ಬಂದಾಗಲೂ ಅಷ್ಟೇ ಜೋರು.

"ಆಕಿ ಗೆದ್ದು ಆ ಖುರ್ಚಿ ಮ್ಯಾಲ ಇರೋ ತನಕ ನಾ ರೊಟ್ಟಿ ತಿನ್ನಂಗಿಲ್ಲ" ಎಂದೆ. "ಐದ ವರ್ಷ."

ಚಂದ್ರಾಮ ತಲೆ ಎತ್ತಿದ. ಮೂವತ್ತೆಂಟು ವರ್ಷದಲ್ಲಿ ನನ್ನ ಗಂಡ ಸಭೆಯಲ್ಲಿ ಬಾಯಿ ಬಿಟ್ಟದ್ದು ಅದೊಂದೇ ಸಲ. "ಏ, ಹುಚ್ಚಿ! ನಿನಗ ಅನ್ನಾ ಸೇರಂಗಿಲ್ಲಲ್ಲೇ" ಎಂದ. ಅವನ ದನಿ ಒಡೆದಿತ್ತು. ನನಗೂ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಸಭೆ ಮುಗಿಯಿತು, ಏಳಿ ಏಳಿ ಎಂದು ಎಲ್ಲರನ್ನೂ ಗದರಿಸಿ ಎಬ್ಬಿಸಿದೆ.

ಅಲ್ಲಿಂದ ನೆಟ್ಟಗೆ ಜೇಬಾಳ ಮನೆಗೆ ನಡೆದೆ. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿದ್ದಳು. ಬೂಟು ಉಜ್ಜಿ ಹಿಮ್ಮಡಿ ಕಿತ್ತಿತ್ತು. ನನ್ನನ್ನು ನೋಡಿ ಏಳಲು ಹೋದಳು.

"ಕುಂದ್ರು. ನಾ ಸುಳ್ಳ ಹೇಳಿದ್ದೆ ಜೇಬಾ. ನೀರ ಬಂದಿಲ್ಲ. ಒಂದ ಹನಿನೂ ಬಂದಿಲ್ಲ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ. ಅವಳು ಬಕೆಟ್ಟಿನಿಂದ ಕಾಲು ಕಿತ್ತು, ನೀರು ಚೆಲ್ಲಿಕೊಂಡು ಬಂದು ನನ್ನ ಎರಡೂ ಕೈ ಹಿಡಿದಳು.

"ಖರೇನ್ರಿ ಕಾಕು? ಬಂದಿಲ್ಲೇನ್ರಿ? ಯಾ ಅಲ್ಲಾ! ಎರಡ ದಿನಾ ಆತು ಗಂಟಲಾಗ ತುತ್ತ ಇಳದಿಲ್ಲ. ಅಷ್ಟ ಮಂದಿ ಒಲಿ ಆರಿಸಿ ಕೆಲಸಾ ಹಾಳ ಮಾಡಿದ್ನೇನೋ ಅಂತ. ಬಂದಿಲ್ಲಂದ್ರ ಸಾಕ್ರಿ!"

ನಗುತ್ತಿದ್ದಳು. ಒಂದು ಭಾನುವಾರ ಹಾಳಾಯಿತು ಎಂದು ಬಾಯಿ ಬಿಡಲಿಲ್ಲ. ಸುಳ್ಳು ಯಾಕೆ ಹೇಳಿದಿರಿ ಎಂದೂ ಕೇಳಲಿಲ್ಲ. ಇಂಥವಳಿಗೆ ಹಾಕದೆ ಇನ್ನಾರಿಗೆ ಹಾಕಬೇಕು, ಹೇಳಿ. ಆಣೆಯ ವಿಷಯ ಅವಳು ಎತ್ತಲಿಲ್ಲ, ನಾನೂ ಹೇಳಲಿಲ್ಲ. ಟಾಕಿಯ ಮಾತು ಟಾಕಿಯಲ್ಲೇ.

ಮಂಗಳವಾರ ಭೋಗಿ ಹಬ್ಬ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವತ್ತು ನಾಲ್ಕು ರೊಟ್ಟಿ ತಿಂದೆ. ಸಂಕ್ರಾಂತಿಯ ದಿನವೂ ತಿಂದೆ. ಕೊನೆಯ ತುಣುಕನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಂತೆ. ಅವಳ ಗುರುತಿನ ಮುಂದಿನ ಬಟನ್ ಮೇಲೆ ಬೆರಳಿಟ್ಟೆ. ಗೆದ್ದರೆ ನನಗೆ ರೊಟ್ಟಿ ಇಲ್ಲ, ಸೋತರೆ ನಾಳೆಯೇ ಇದೆ. ದೇವರೇ, ಇವಳು ಗೆಲ್ಲಲಿ ಎಂದು ಜೋರಾಗಿ ಒತ್ತಿದೆ.

ಗೆದ್ದಳು. ಮತ ಎಣಿಸಿದ ದಿನ ಮಧ್ಯಾಹ್ನ ಗುಲಾಲು ಹಚ್ಚಿಕೊಂಡು, ಜನರನ್ನೆಲ್ಲ ಟಾಕಿಯ ಹತ್ತಿರ ಬಿಟ್ಟು, ನಮ್ಮ ಹೊಸ್ತಿಲಿಗೆ ಬಂದಳು.

"ಹಸಿವಿ ಆಗೇದ ಕಾಕು. ರೊಟ್ಟಿ ಹಾಕ್ರಿ. ನಿಮ್ಮ ಓಟ ಇಲ್ಲದೇನೂ ಗೆದ್ದೀನಿ, ನೋಡ್ರಿ!" ಎಂದು ಕೀಟಲೆ ಮಾಡಿದಳು.

ಹಂಚಿನಿಂದ ಇಳಿಸಿದ ಎರಡು ರೊಟ್ಟಿ, ಪುಂಡಿಪಲ್ಯ ಅವಳ ತಾಟಿಗೆ ಹಾಕಿದೆ. ಚಂದ್ರಾಮನಿಗೂ ಹಾಕಿದೆ. ನೀವೂ ಕೂಡ್ರಿ ಎಂದು ಹಟ ಮಾಡಿದಳು. ನನ್ನ ತಾಟಿಗೆ ಕುಕ್ಕರಿನಿಂದ ಅನ್ನ ಹಾಕಿಕೊಂಡು, ಬೇಳೆ ಸುರಿದುಕೊಂಡು ಕುಳಿತೆ.

ಅವಳು ಮೊದಲ ತುತ್ತು ಮುರಿದವಳು ಕೈ ಅಲ್ಲೇ ತಡೆದಳು. ನನ್ನ ತಾಟು ನೋಡಿದಳು. ನನ್ನ ಬೆರಳಿನ ಶಾಯಿ ನೋಡಿದಳು. ಚಂದ್ರಾಮನ ಕಡೆ ತಿರುಗಿದಳು. ಅವನು ಮೆಲ್ಲಗೆ ತಲೆಯಾಡಿಸಿದ. ಆಳಂದದವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎಷ್ಟ ದಿನಾ ಕಾಕು?"

"ನೀ ಖುರ್ಚಿ ಮ್ಯಾಲ ಇರೋ ತನಕ."

ಅವಳ ಗುಲಾಲಿನ ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಮುರಿದ ತುತ್ತನ್ನು ತಿಂದಳು, ರೊಟ್ಟಿಯನ್ನು ಹಾಳು ಮಾಡುವ ಹಾಗಿಲ್ಲವಲ್ಲ. ಉಳಿದದ್ದನ್ನು ಚಂದ್ರಾಮನ ತಾಟಿಗೆ ಇಟ್ಟು, ತನ್ನ ತಾಟನ್ನು ನನ್ನ ಮುಂದೆ ಸರಿಸಿದಳು.

"ನನಗೂ ಅನ್ನಾನ ಹಾಕ್ರಿ. ಈ ಮನ್ಯಾಗ ಇನ್ನ ನಾನೂ ಅನ್ನಾನ ಉಣ್ತೀನಿ. ಐದ ವರ್ಷ ಆದ ಮ್ಯಾಲ ನಾ ನಿಲ್ಲಂಗಿಲ್ಲ ಕಾಕು. ಅವತ್ತ ಇಬ್ರೂ ಕೂಡಿ ರೊಟ್ಟಿ ತಿನ್ನೋಣು."

ನನಗೆ ಸಿಟ್ಟು ಬಂತು. ಬರದೆ ಇರುತ್ತದೆಯೆ?

"ನಿಲ್ಲಂಗಿಲ್ಲ ಅಂದ್ರ ಕಾಲ ಮುರೀತೀನಿ" ಎಂದು ಅವಳ ತಾಟಿಗೆ ಅನ್ನ ಬಡಿಸಿದೆ. "ಮೆಟ್ಟಲ ಅರ್ಧಾ ಆಗ್ಯಾವ, ಬಾಲವಾಡಿ ಆಗಿಲ್ಲ. ಎಲ್ಲಾ ಮುಗಿಸು, ಮತ್ತ ನಿಲ್ಲು. ಇನ್ನೂ ಐದ ವರ್ಷ ಅನ್ನಾ ತಿನ್ನಾಕ ನಾ ತಯಾರ ಅದೀನಿ. ಕೆಲಸಾ ಬಿಟ್ಟಿ ಅಂದ್ರ ಮಾತ್ರ ನೆನಪಿಟ್ಟಕೋ, ಮರುದಿನಾನ ನಿನ್ನ ಬಾಗಲ ಮುಂದ ಕುಂತು ರೊಟ್ಟಿ ತಿಂತೀನಿ!"